ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ವರ್ಕ್‌ಸ್ಟೇಷನ್‌ಗೆ ನೆಟ್‌ವರ್ಕ್ ಮೂಲಕ ಲಿನಕ್ಸ್

ಸಿ.ಡಿ. ಡ್ರೈವ್ ಕೆಟ್ಟುಹೋದ, ಯುಎಸ್‌ಬಿಯಿಂದ ಬೂಟ್ ಆಗುವುದನ್ನು ಅರಿಯದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕುವ ಬಗೆಗೆ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಜ್ಞೆ, ಕಡತ ಮತ್ತು ದೋಷಸಂದೇಶಗಳನ್ನು ಅಂಕಣದ ವಾಡಿಕೆಯಂತೆ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿಯೇ ಬರೆದಿದೆ.

ಪ್ರಶ್ನೆ: ನಮ್ಮ ಊರಿನ ಎಂಜಿನಿಯರಿಂಗ್ ಕಾಲೇಜೊಂದು ಹಳೆಯ ಪ್ರಯೋಗಾಲಯವನ್ನು ತೆರವು ಮಾಡಿದಾಗ ಸನ್ ಅಲ್ಟ್ರಾ 5 ಯಂತ್ರವೊಂದನ್ನು ಗುಜರಿ ಬೆಲೆಗೆ ಕೊಂಡೆ. ಅದರ ಸಿ.ಡಿ. ಡ್ರೈವ್ ಯಾವ ಡಿಸ್ಕನ್ನೂ ಓದುವುದಿಲ್ಲವಾದ್ದರಿಂದ ಡೆಬಿಯನ್ ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ವಿಳಾಸ ಹೇಳುವ ರಾರ್ಪ್ ಸರ್ವರ್ ಮತ್ತು ಕಡತ ಕಳುಹಿಸುವ ಟಿಎಫ್‌ಟಿಪಿ ಸರ್ವರ್ ಎರಡನ್ನೂ ಹಾಕಿಕೊಂಡು, ಸನ್ ಯಂತ್ರದಲ್ಲಿ ‘ಬೂಟ್ ನೆಟ್’ ಎಂದು ಕೊಟ್ಟೆ. ‘ಟೈಮ್‌ಔಟ್ ವೇಟಿಂಗ್ ಫಾರ್ ಆರ್ಪ್/ರಾರ್ಪ್ ಪ್ಯಾಕೆಟ್’ ಎಂಬ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ನೆಟ್‌ವರ್ಕ್ ಕಾರ್ಡೇ ಸತ್ತಿದೆಯೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಕಾರ್ಡು ಸತ್ತಿರುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ. ನಿಮ್ಮ ಯಂತ್ರ ತನ್ನ ವಿಳಾಸವನ್ನು ಕೇಳುತ್ತಿದೆ, ಯಾರೂ ಹೇಳುತ್ತಿಲ್ಲ. ಆ ಸಂದೇಶದ ಅರ್ಥ ಇಷ್ಟೇ. 1998ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಅಲ್ಟ್ರಾ 5ರಲ್ಲಿರುವ ಓಪನ್‌ಬೂಟ್ ಎಂಬ, ಯಂತ್ರ ಎದ್ದೊಡನೆ ಚಿಪ್ಪಿನಿಂದಲೇ ನಡೆಯುವ ಪ್ರಾಮ್ ತಂತ್ರಾಂಶವು ಬರಿಯ ‘ಬೂಟ್ ನೆಟ್’ ಎಂದರೆ ಮೊದಲು ಮೊರೆಹೋಗುವುದು ರಾರ್ಪ್ ಎಂಬ ವಿಧಾನಕ್ಕೆ. 1984ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆರ್‌ಎಫ್‌ಸಿ 903 ಎಂಬ ದಾಖಲೆಯಲ್ಲಿ ವಿವರಿಸಿದ ಈ ವಿಧಾನದಲ್ಲಿ ಯಂತ್ರವು ತನ್ನ ಈಥರ್ನೆಟ್ ವಿಳಾಸವನ್ನು ಕೂಗಿ ಹೇಳಿ, ‘ಇದಕ್ಕೆ ಸೇರಿದ ಐಪಿ ವಿಳಾಸ ಯಾವುದು’ ಎಂದು ಇಡೀ ಜಾಲವನ್ನು ಕೇಳುತ್ತದೆ. ವಿಳಾಸ ಹಂಚುವ ಈಗಿನ ವಿಧಾನವಾದ ಡಿಎಚ್‌ಸಿಪಿ ಬಂದ ಮೇಲೆ ರಾರ್ಪ್ ಪಠ್ಯಪುಸ್ತಕಕ್ಕೆ ಸರಿಯಿತು. ಆದರೆ ನಿಮ್ಮ ಪ್ರಾಮ್‌ಗೆ ಅದು ಗೊತ್ತಿಲ್ಲ.

ಊಹೆ ಮಾಡುತ್ತ ಒಂದೊಂದೇ ಸೆಟ್ಟಿಂಗ್ ಬದಲಿಸುವ ಮೊದಲು ತಂತಿಯ ಮೇಲೆ ಏನು ಹರಿಯುತ್ತಿದೆ ಎಂಬುದನ್ನು ನೋಡಿರಿ. ಲ್ಯಾಪ್‌ಟಾಪಿನಲ್ಲಿ ಟಿಸಿಪಿಡಂಪ್ ಉಪಕರಣವನ್ನು ರೂಟ್ ಅಧಿಕಾರದಲ್ಲಿ ಚಾಲೂ ಮಾಡಿ, ರಾರ್ಪ್, ಆರ್ಪ್ ಮತ್ತು ಟಿಎಫ್‌ಟಿಪಿ ಕೋರಿಕೆ ಬರುವ ಯುಡಿಪಿ 69ನೆಯ ಪೋರ್ಟಿನ ಸಂಚಾರವನ್ನು ಮಾತ್ರ ತೋರಿಸುವಂತೆ ಸೋಸಿಕೊಂಡು, ಈಥರ್ನೆಟ್ ವಿಳಾಸಗಳನ್ನೂ ಮುದ್ರಿಸುವ ‘ಇ’ ಆಯ್ಕೆಯನ್ನು ಸೇರಿಸಿ, ಆಮೇಲೆ ಸನ್ ಯಂತ್ರದಲ್ಲಿ ‘ಬೂಟ್ ನೆಟ್’ ಕೊಡಿರಿ. ಇದಕ್ಕೆ ಐದು ನಿಮಿಷವೂ ಬೇಡ, ಆದರೆ ನಮಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಈ ಒಂದು ಕೆಲಸ ಬಿಟ್ಟು ಉಳಿದೆಲ್ಲವನ್ನೂ ಮಾಡಿರುತ್ತಾರೆ.

ಪರದೆಯ ಮೇಲೆ ಏನೂ ಕಾಣಿಸದಿದ್ದರೆ ಪ್ರಶ್ನೆಯೇ ಲ್ಯಾಪ್‌ಟಾಪಿಗೆ ತಲುಪುತ್ತಿಲ್ಲ ಎಂದಾಯಿತು. ಡೆಬಿಯನ್ ನೇರವಾಗಿ ಲ್ಯಾಪ್‌ಟಾಪಿನಲ್ಲಿರದೆ ವರ್ಚುವಲ್ ಯಂತ್ರದೊಳಗಿದ್ದು ಅದರ ಜಾಲ ವಿಳಾಸವನ್ನು ಬದಲಿಸಿ ಹೊರಗೆ ಕಳುಹಿಸುವ ‘ನ್ಯಾಟ್’ ಬಗೆಯದಾಗಿದ್ದರೆ ಹೀಗಾಗುವುದು ಖಂಡಿತ. ರಾರ್ಪ್ ಐಪಿಯ ಮೇಲೆ ಕುಳಿತ ವಿಧಾನವಲ್ಲ. ನೇರವಾಗಿ ಈಥರ್ನೆಟ್ ಚೌಕಟ್ಟಿನಲ್ಲಿ ಹೋಗುವ ಅದು ಯಾವ ರೂಟರನ್ನೂ, ಯಾವ ನ್ಯಾಟನ್ನೂ ದಾಟಲಾರದು. ವರ್ಚುವಲ್ ಯಂತ್ರವನ್ನು ಬಿಟ್ಟು, ವೈಫೈಯನ್ನೂ ಬಿಟ್ಟು, ಒಂದು ಅಗ್ಗದ ಸ್ವಿಚ್ಚಿಗೆ ಎರಡೂ ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸುವುದು ಲೇಸು. ಓಪನ್‌ಬೂಟ್ ಆಜ್ಞೆಗೆ ಕಾಯುವ ಓಕೆ ಪ್ರಾಂಪ್ಟಿನಲ್ಲಿ ‘ವಾಚ್-ನೆಟ್’ ಎಂದು ಕೊಟ್ಟರೆ ಸನ್ ಯಂತ್ರವು ತಾನು ಪಡೆದ ಪ್ರತಿಯೊಂದು ಒಳ್ಳೆಯ ಪ್ಯಾಕೆಟ್ಟಿಗೆ ಒಂದು ಚುಕ್ಕಿಯನ್ನೂ ಕೆಟ್ಟದ್ದಕ್ಕೆ ಎಕ್ಸ್ ಅಕ್ಷರವನ್ನೂ ಮುದ್ರಿಸುತ್ತದೆ. ಲ್ಯಾಪ್‌ಟಾಪಿನಿಂದ ಯಾವುದೋ ಇಲ್ಲದ ವಿಳಾಸಕ್ಕೆ ಪಿಂಗ್ ಮಾಡುತ್ತಿರುವಾಗ ಆ ಚುಕ್ಕಿಗಳು ಬಿದ್ದರೆ ಕಾರ್ಡು, ಕೇಬಲ್, ಸ್ವಿಚ್ ಮೂರೂ ಸರಿಯಾಗಿವೆ.

ಇನ್ನೊಂದು ಕಾರಣ ಈ ಕಾಲದ ಸನ್ ಯಂತ್ರಗಳಿಗೆ ವಿಶೇಷವಾದದ್ದು. ‘ಬ್ಯಾನರ್’ ಎಂದು ಕೊಟ್ಟು ಈಥರ್ನೆಟ್ ವಿಳಾಸವನ್ನು ಓದಿರಿ. ಅದು 8:0:20 ಎಂದು ಆರಂಭವಾದರೆ ಚಿಂತೆಯಿಲ್ಲ, ಅದು ಸನ್ ಸಂಸ್ಥೆಗೆ ಮೀಸಲಾದ ಪೂರ್ವಭಾಗ. ಬದಲಿಗೆ ಆರೂ ಜಾಗಗಳಲ್ಲಿ ‘ಎಫ್‌ಎಫ್’ ಕಂಡರೆ, ಅಥವಾ ಯಂತ್ರದ ಗುರುತನ್ನಿಡುವ ಐಡಿಪ್ರಾಮ್‌ನಲ್ಲಿರುವುದು ಸರಿಯಿಲ್ಲ ಎಂಬ ಸಂದೇಶ ಬಂದರೆ, ತಾಯಿಹಲಗೆಯಲ್ಲಿ ಇವನ್ನು ನೆನಪಿಡುವ ಎನ್‌ವಿರ‍್ಯಾಮ್ ಚಿಪ್ಪಿನೊಳಗೆ ಹುದುಗಿರುವ ಬ್ಯಾಟರಿ ಖಾಲಿಯಾಗಿದೆ. ಸುಮಾರು ಹತ್ತು ವರ್ಷ ಬಾಳಲೆಂದು ಮಾಡಿದ ಬ್ಯಾಟರಿ ಇಪ್ಪತ್ತೈದು ವರ್ಷದ ಯಂತ್ರದಲ್ಲಿ ಖಾಲಿಯಾಗಿದ್ದರೆ ಅಚ್ಚರಿಪಡಬೇಕಾಗಿಲ್ಲ. ಎಲ್ಲ ಎಫ್‌ಎಫ್ ಎಂಬುದು ಈಥರ್ನೆಟ್‌ನಲ್ಲಿ ‘ಎಲ್ಲರಿಗೂ’ ಎಂಬ ವಿಳಾಸ. ಅದನ್ನೇ ಕಳುಹಿಸುವವರ ವಿಳಾಸವಾಗಿ ಹೊತ್ತು ಬರುವ ಪ್ಯಾಕೆಟ್ಟನ್ನು ಸ್ವಿಚ್ ಎಸೆದುಬಿಡುವುದೇ ನ್ಯಾಯ. ಐಡಿಪ್ರಾಮ್ ಎಂಬುದು ಬರಿಯ 16 ಬೈಟುಗಳ ಕಣಜ: ಮೊದಲನೆಯದು ವಿನ್ಯಾಸದ ಗುರುತು, ಎರಡನೆಯದು ಯಂತ್ರದ ಬಗೆ, ಮುಂದಿನ ಆರು ಈಥರ್ನೆಟ್ ವಿಳಾಸ, ಬಳಿಕ ತಯಾರಿಕೆಯ ದಿನಾಂಕಕ್ಕೆ ನಾಲ್ಕು ಮತ್ತು ಕ್ರಮಸಂಖ್ಯೆಗೆ ಮೂರು, ಕೊನೆಯದು ಹಿಂದಿನ ಹದಿನೈದನ್ನೂ ಎಕ್ಸಾರ್ ಮಾಡಿ ಪಡೆದ ತಾಳೆಸಂಖ್ಯೆ. ಇವನ್ನು ‘ಎಂಕೆಪಿ’ ಎಂಬ ಆಜ್ಞೆಯಿಂದ ಒಂದೊಂದಾಗಿ ಕೈಯಿಂದಲೇ ಬರೆಯಬಹುದು. ಬ್ಯಾಟರಿ ಸತ್ತಿದ್ದರೆ ವಿದ್ಯುತ್ ತೆಗೆದೊಡನೆ ಬರೆದದ್ದು ಅಳಿಸಿಹೋಗುತ್ತದೆ, ನಿಜ. ಆದರೆ ಲಿನಕ್ಸ್ ಹಾಕಿಕೊಳ್ಳುವ ಒಂದು ಮಧ್ಯಾಹ್ನದ ಮಟ್ಟಿಗೆ ಅಷ್ಟು ಸಾಕು. ಚಿಪ್ಪು ಸಾಕೆಟ್ಟಿನಲ್ಲಿ ಕುಳಿತಿರುವುದರಿಂದ ಬದಲಿಸುವುದಕ್ಕೆ ಬೆಸುಗೆಯೂ ಬೇಡ. ಕೆಲವರು ಚಿಪ್ಪಿನ ನೆತ್ತಿಯನ್ನು ಅರದಿಂದ ಉಜ್ಜಿ ಹೊರಗಿನಿಂದ ಗುಂಡಿ ಬ್ಯಾಟರಿ ಜೋಡಿಸುತ್ತಾರೆ. ಕೈ ಪಳಗಿದವರಿಗೆ ಅದು ಸರಿ, ಮೊದಲ ಬಾರಿಗೆ ಮಾಡುವವರಿಗೆ ನಾವು ಹೇಳುವುದಿಲ್ಲ.

ಪ್ರಶ್ನೆ ತಂತಿಯ ಮೇಲೆ ಕಾಣುತ್ತಿದ್ದು ಉತ್ತರ ಮಾತ್ರ ಇಲ್ಲದಿದ್ದರೆ, ನಿಮ್ಮ ಪತ್ರದ ಧಾಟಿಯಿಂದ ಇದೇ ಇರಬಹುದೆಂದು ತೋರುತ್ತದೆ, ತಪ್ಪು ಲ್ಯಾಪ್‌ಟಾಪಿನ ರಾರ್ಪ್ ಸರ್ವರಿನದು. ಅದು ‘ಇಟಿಸಿ’ ಡೈರೆಕ್ಟರಿಯ ‘ಈಥರ್ಸ್’ ಕಡತದಲ್ಲಿ ಸನ್ ಯಂತ್ರದ ಈಥರ್ನೆಟ್ ವಿಳಾಸವನ್ನು ಹುಡುಕಿ, ಅಲ್ಲಿ ಸಿಕ್ಕ ಹೆಸರನ್ನು ‘ಹೋಸ್ಟ್ಸ್’ ಕಡತದಲ್ಲಿ ಮತ್ತೆ ಹುಡುಕಿ ಐಪಿ ವಿಳಾಸವನ್ನು ಕೊಡುತ್ತದೆ. ಎರಡರಲ್ಲಿ ಯಾವುದೊಂದರಲ್ಲಿ ಹೆಸರು ತಪ್ಪಿದ್ದರೂ ಅದು ಸುಮ್ಮನಿರುತ್ತದೆ. ಹಳೆಯ ಕೈಪಿಡಿಗಳನ್ನು ನೋಡಿ ‘ಇಟಿಎಚ್0’ ಎಂಬ ಜಾಲಮುಖವನ್ನು ಕೇಳುವಂತೆ ಹೇಳಿದ್ದರೆ, ಈಚಿನ ಡೆಬಿಯನ್‌ನಲ್ಲಿ ಕಾರ್ಡಿನ ಹೆಸರೇ ಬೇರೆ ಎಂಬುದನ್ನೂ ನೆನಪಿಡಿರಿ. ಇವೆಲ್ಲ ಸರಿಯಿದ್ದೂ ಮೌನ ಮುರಿಯದಿದ್ದರೆ ಬಹುಮಂದಿಯನ್ನು ದಿನಗಟ್ಟಲೆ ಕಾಡಿರುವ ಕಾರಣವೊಂದಿದೆ: ಲಿನಕ್ಸಿನ ರಾರ್ಪ್ ಸರ್ವರು, ಕೇಳಿದ ಯಂತ್ರಕ್ಕೆ ಬೂಟ್ ಕಡತ ಸಿದ್ಧವಿದೆಯೇ ಎಂದು ಟಿಎಫ್‌ಟಿಪಿ ಡೈರೆಕ್ಟರಿಯಲ್ಲಿ ಮೊದಲು ನೋಡುತ್ತದೆ, ಕಡತ ಇಲ್ಲದಿದ್ದರೆ ಉತ್ತರವನ್ನೇ ಕೊಡುವುದಿಲ್ಲ. ಬೂಟ್ ಮಾಡಿಸಲಾಗದ ಯಂತ್ರಕ್ಕೆ ವಿಳಾಸ ಕೊಟ್ಟು ಏನು ಪ್ರಯೋಜನ ಎಂಬ ತರ್ಕ ಅದರದು. ತರ್ಕ ಸರಿಯೇ, ಆದರೆ ಹಾಗೆಂದು ಒಂದು ಸಾಲು ಬರೆದಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತು! ‘ಇ’ ಆಯ್ಕೆಯನ್ನು ಕೊಟ್ಟು ರಾರ್ಪ್ ಸರ್ವರನ್ನು ಚಾಲೂ ಮಾಡಿದರೆ ಈ ಪರೀಕ್ಷೆಯನ್ನು ಅದು ಬಿಟ್ಟುಬಿಡುತ್ತದೆ. ‘ಬಿ’ ಆಯ್ಕೆಯಿಂದ ಯಾವ ಡೈರೆಕ್ಟರಿಯಲ್ಲಿ ನೋಡಬೇಕೆಂದು ಹೇಳಬಹುದು. ಟಿಎಫ್‌ಟಿಪಿ ಸರ್ವರ್ ಒಂದು ಡೈರೆಕ್ಟರಿಯನ್ನೂ ರಾರ್ಪ್ ಸರ್ವರ್ ಇನ್ನೊಂದನ್ನೂ ನೋಡುತ್ತಿರುವ ಸಾಧ್ಯತೆ ಇದ್ದೇ ಇರುತ್ತದೆ.

ಆ ಕಡತದ ಹೆಸರಿಗೂ ಒಂದು ಕ್ರಮವಿದೆ. ಯಂತ್ರಕ್ಕೆ ದೊರೆತ ಐಪಿ ವಿಳಾಸದ ನಾಲ್ಕು ಭಾಗಗಳನ್ನು ಹದಿನಾರರ ಮಾನದಲ್ಲಿ, ದೊಡ್ಡಕ್ಷರಗಳಲ್ಲಿ, ಎರಡೆರಡು ಅಂಕೆಗಳಂತೆ ಬರೆದು ಜೋಡಿಸಿದರೆ ಅದೇ ಹೆಸರು. 192.168.1.25 ಎಂಬ ವಿಳಾಸಕ್ಕೆ 192 ಎಂಬುದು ಸಿ0, 168 ಎಂಬುದು ಎ8, 1 ಎಂಬುದು 01, 25 ಎಂಬುದು 19 ಆಗಿ, ಕಡತವು ‘ಸಿ0ಎ80119’ ಆಗುತ್ತದೆ. ಸ್ಪಾರ್ಕ್‌ಸ್ಟೇಷನ್ 5, 20ರಂಥ ಇನ್ನೂ ಹಳೆಯ ಸನ್4ಎಂ ಯಂತ್ರಗಳಾದರೆ ಅದರ ಕೊನೆಗೆ ಚುಕ್ಕಿಯಿಟ್ಟು ‘ಸನ್4ಎಂ’ ಎಂದು ಸೇರಿಸಬೇಕು, ಅಲ್ಟ್ರಾಗಳಿಗೆ ಬೇಡ. ಸೊಲಾರಿಸ್ ಕಾಲದ ಬರಹಗಳು ಬೂಟ್‌ಪ್ಯಾರಾಮ್ ಸರ್ವರನ್ನೂ ಹಾಕಿರೆಂದು ಹೇಳುತ್ತವೆ. ಲಿನಕ್ಸ್ ಇನ್‌ಸ್ಟಾಲರಿನ ಒಂದೇ ಕಡತವನ್ನು ಇಳಿಸಿಕೊಳ್ಳುವುದಕ್ಕೆ ಅದರ ಅಗತ್ಯವಿಲ್ಲ.

ಪ್ರಶ್ನೆ: (ಅದೇ ಓದುಗರ ಎರಡನೆಯ ಪತ್ರ) ತಾವು ಅಂಚೆಯಲ್ಲಿ ಬರೆದಂತೆ ನೋಡಿದಾಗ ರಾರ್ಪ್ ಪ್ರಶ್ನೆ ಬರುತ್ತಿತ್ತು, ಉತ್ತರವಿರಲಿಲ್ಲ. ಸರಿಯಾದ ಹೆಸರಿನ ಕಡತವನ್ನು ಇಟ್ಟ ಕೂಡಲೇ ವಿಳಾಸ ಸಿಕ್ಕಿತು. ಈಗ ಪರದೆಯ ಮೇಲೆ ಅಂಕೆಗಳು ಏರುತ್ತ ಹೋಗಿ, ಕೊನೆಗೆ ‘ದ ಫೈಲ್ ಜಸ್ಟ್ ಲೋಡೆಡ್ ಡಸ್ ನಾಟ್ ಅಪಿಯರ್ ಟು ಬಿ ಎಕ್ಸಿಕ್ಯೂಟಬಲ್’ ಎಂದು ಬರುತ್ತದೆ. ಡೆಬಿಯನ್‌ನಲ್ಲಿ ಸನ್ ಯಂತ್ರಗಳ ಸ್ಪಾರ್ಕ್ ಪ್ರೊಸೆಸರಿಗೆಂದಿರುವ ಪ್ಯಾಕೇಜಿನಿಂದ ತೆಗೆದ ‘ವಿಎಂಲಿನಜ್’ ಕರ್ನಲ್ಲನ್ನೇ ಇಟ್ಟಿದ್ದೇನೆ. ಒಮ್ಮೆ ಬೇರೆ ಕಡತವಿಟ್ಟಾಗ ‘ಫಾಸ್ಟ್ ಡೇಟಾ ಆಕ್ಸೆಸ್ ಎಂಎಂಯು ಮಿಸ್’ ಎಂದಿತು.

ಉತ್ತರ: ಏರುವ ಅಂಕೆಗಳನ್ನು ಕಂಡಿರೆಂದರೆ ಜಾಲದ ಕೆಲಸ ಮುಗಿಯಿತೆಂದೇ ತಿಳಿಯಿರಿ, ಅವು ಈವರೆಗೆ ಇಳಿದ ಬೈಟುಗಳ ಲೆಕ್ಕ, ಹದಿನಾರರ ಮಾನದಲ್ಲಿ. ಇನ್ನು ಸ್ವಿಚ್, ಕೇಬಲ್, ಈಥರ್ಸ್ ಕಡತ ಯಾವುದನ್ನೂ ಮುಟ್ಟಬೇಡಿರಿ. ಈಗಿರುವುದು ಕಡತದ ಸ್ವರೂಪದ ತಕರಾರು.

ವಿಎಂಲಿನಜ್ ಎಂಬ ಹೆಸರಿನ ಕೊನೆಯ ಅಕ್ಷರವೇ ಹೇಳುವಂತೆ ಅದು ಹಿಂಡಿ ಒತ್ತಿದ ಕರ್ನಲ್. ಡಿಸ್ಕಿನಿಂದ ಬೂಟ್ ಮಾಡುವಾಗ ಸೈಲೋ ಎಂಬ ಬೂಟ್ ಲೋಡರು ಅದನ್ನು ಬಿಡಿಸಿ ಯಂತ್ರದ ಹಿಡಿತವನ್ನು ಕರ್ನಲ್ಲಿನ ಕೈಗೆ ಕೊಡುತ್ತಿತ್ತು. ಇಲ್ಲಿ ಸೈಲೋ ಇಲ್ಲ, ಓಪನ್‌ಬೂಟ್‌ಗೆ ಹಿಂಡಿದ್ದನ್ನು ಬಿಡಿಸಲು ಬರುವುದಿಲ್ಲ. ಜಾಲದಿಂದ ಬರುವ ಕಡತವು ಎ.ಔಟ್ ಎಂಬ ಹಳೆಯ ಸ್ವರೂಪದಲ್ಲಿದ್ದರೆ ಅದಕ್ಕೆ ನೆಮ್ಮದಿ. ಸ್ವತಃ ಕರ್ನಲ್ ಕಟ್ಟುವವರು ಅದನ್ನು ಬಿಡಿಸಿ, ‘ಎಲ್ಫ್‌ಟುಎಔಟ್’ ಉಪಕರಣದಿಂದ ಸ್ವರೂಪ ಬದಲಿಸಿ, ಆರಂಭಿಕ ರ‍್ಯಾಮ್ ಡಿಸ್ಕನ್ನು ಅದರ ಬೆನ್ನಿಗೆ ಕಟ್ಟಬೇಕಾಗುತ್ತದೆ. ನಿಮಗೆ ಆ ಶ್ರಮ ಬೇಡ. ಡೆಬಿಯನ್ 7ರ ಸ್ಪಾರ್ಕ್ ಇನ್‌ಸ್ಟಾಲರಿನ ‘ನೆಟ್‌ಬೂಟ್’ ಡೈರೆಕ್ಟರಿಯಲ್ಲಿ ‘ಬೂಟ್.ಐಎಂಜಿ’ ಎಂಬ ಕಡತ ಹೀಗೆ ಸಿದ್ಧವಾಗಿಯೇ ಇದೆ. ಅದನ್ನು ತಂದು ‘ಸಿ0ಎ80119’ ಎಂದು ಹೆಸರಿಟ್ಟರೆ ಸಾಕು. ನಕಲು ಮಾಡುವ ಬದಲು ಸಿಂಬಾಲಿಕ್ ಲಿಂಕ್ ಮಾಡುವುದಾದರೆ ಪೂರ್ಣ ಪಥವನ್ನು ಕೊಡದೆ ಅದೇ ಡೈರೆಕ್ಟರಿಯ ಕಡತದ ಹೆಸರನ್ನಷ್ಟೇ ಕೊಡಿರಿ. ಟಿಎಫ್‌ಟಿಪಿ ಸರ್ವರು ತನ್ನ ಡೈರೆಕ್ಟರಿಯನ್ನೇ ಬೇರು ಎಂದು ಭಾವಿಸಿ ಕುಳಿತಿರುವುದರಿಂದ ಪೂರ್ಣ ಪಥದ ಲಿಂಕು ಅದಕ್ಕೆ ಎಲ್ಲಿಗೂ ಹೋಗದ ದಾರಿ.

ಎಂಎಂಯು ಮಿಸ್ ಎಂಬ ಎರಡನೆಯ ಸಂದೇಶ, ಪ್ರಾಮ್ ತನಗೆ ಸೇರದ ನೆನಪಿನ ಜಾಗಕ್ಕೆ ಕೈಹಾಕಿದಾಗ ಬರುವಂಥದ್ದು. ಕಡತ ಪ್ರಾಮ್‌ನ ಮಿತಿಗಿಂತ ದೊಡ್ಡದಾಗಿದ್ದರೆ, ಅಥವಾ ಬೇರೆ ಬಗೆಯ ಸ್ಪಾರ್ಕ್ ಯಂತ್ರಕ್ಕೆಂದು ಮಾಡಿದ್ದಾಗಿದ್ದರೆ ಹೀಗಾಗುತ್ತದೆ. ದೊಡ್ಡ ಕಡತವನ್ನು ಇಡುವ ಆಸೆಯಿದ್ದರೆ ಟಿಎಫ್‌ಟಿಪಿಯ ಗಣಿತವನ್ನೂ ತಿಳಿದಿರಿ: ಮೂಲ ವಿಧಾನದಲ್ಲಿ ಒಂದು ಕಂತಿಗೆ 512 ಬೈಟ್, ಕಂತಿನ ಸಂಖ್ಯೆಗೆ 16 ಬಿಟ್, ಆದ್ದರಿಂದ 65,535 ಕಂತುಗಳಿಗೆ, ಎಂದರೆ ಸುಮಾರು 32 ಎಂಬಿಗೆ ಲೆಕ್ಕ ಮುಗಿಯುತ್ತದೆ. ಕಂತಿನ ಗಾತ್ರವನ್ನು ಮಾತಾಡಿಕೊಂಡು ಹಿಗ್ಗಿಸುವ ಸೌಲಭ್ಯ ಇಂದಿನ ರೂಪ ಪಡೆದದ್ದು 1998ರಲ್ಲಿ. ಅದೇ ವರ್ಷ ಹೊರಬಂದ ನಿಮ್ಮ ಯಂತ್ರದಿಂದ ಅದನ್ನು ನಿರೀಕ್ಷಿಸಬೇಡಿರಿ.

ಡೆಬಿಯನ್ 7 ಯಾಕೆಂದರೆ, 2013ರಲ್ಲಿ ಬಂದ ಆ ಆವೃತ್ತಿಯೇ ಸ್ಪಾರ್ಕ್‌ಗೆ ಅಧಿಕೃತ ಬೆಂಬಲವಿದ್ದ ಕೊನೆಯದು. 2015ರ ಡೆಬಿಯನ್ 8ರಿಂದ ಅದು ಕೈಬಿಟ್ಟುಹೋಯಿತು. ಸ್ಪಾರ್ಕ್64 ಎಂಬ ಅನಧಿಕೃತ ಪೋರ್ಟ್ ಈಗಲೂ ನಡೆಯುತ್ತಿದೆ, ಜೆಂಟೂ ಕೂಡ ಉಂಟು. ಆದರೆ ಮೊದಲ ಗೆಲುವಿಗೆ ಹಳೆಯದೇ ಸುಲಭವೆಂಬುದು ನಮ್ಮ ಅನಿಸಿಕೆ. ಅದಕ್ಕೊಂದು ಬೆಲೆ ಇದೆ: ಕಡತಗಳೆಲ್ಲ ಈಗ ಡೆಬಿಯನ್‌ನ ಹಳೆಯ ಆವೃತ್ತಿಗಳ ಸಂಗ್ರಹತಾಣಕ್ಕೆ ಹೋಗಿವೆಯಾದ್ದರಿಂದ ಮಿರರ್ ಆರಿಸುವಾಗ ಪಟ್ಟಿಯನ್ನು ಬಿಟ್ಟು ಆ ತಾಣದ ವಿಳಾಸವನ್ನು ಕೈಯಿಂದ ಬರೆಯಬೇಕು. ಸಹಿ ಪರಿಶೀಲಿಸುವ ಕೀಲಿಗಳ ಅವಧಿ ಮುಗಿದಿರುವುದರಿಂದ ಇನ್‌ಸ್ಟಾಲರ್ ಮುಂದುವರಿಯಲೊಪ್ಪದಿದ್ದರೆ, ಸಹಿಯಿಲ್ಲದ್ದನ್ನೂ ಒಪ್ಪುವ ‘ಅಲೌ ಅನ್‌ಅಥೆಂಟಿಕೇಟೆಡ್’ ನಿಯತಾಂಕವನ್ನು ಬೂಟ್ ಸಾಲಿನಲ್ಲಿಯೇ ಸೇರಿಸಬೇಕು. ಹೀಗೆ ಹಾಕಿದ ಯಂತ್ರವನ್ನು ಹೊರಜಾಲಕ್ಕೆ ತೆರೆದಿಡಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

‘ಪ್ರಾಮ್‌ಲಿಬ್’ ಎಂದು ಆರಂಭವಾಗುವ ಸಾಲು ಕಂಡರೆ ಕರ್ನಲ್ ಬಾಯಿ ತೆರೆಯಿತೆಂದು ಅರ್ಥ. ಅದರ ನಂತರ ಪರದೆ ಕಪ್ಪಾದರೆ ಯಂತ್ರ ನಿಂತಿದೆಯೆಂದು ಗಾಬರಿಯಾಗಬೇಡಿರಿ. ಕೀಲಿಮಣೆಯನ್ನು ಕಿತ್ತು, ಮೊದಲ ಸೀರಿಯಲ್ ಪೋರ್ಟಿಗೆ ನಲ್ ಮೋಡೆಮ್ ಕೇಬಲ್ ಹಾಕಿ, ಲ್ಯಾಪ್‌ಟಾಪಿನಲ್ಲಿ 9600 ವೇಗದ ಟರ್ಮಿನಲ್ ತೆರೆದು ಮತ್ತೆ ಆರಂಭಿಸಿದರೆ ಎಲ್ಲ ಮಾತೂ ಅಲ್ಲಿ ಕೇಳಿಸುತ್ತದೆ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಇಂಡಿ ಒಂದು ಸಿಕ್ಕಿತು. ಡಿಎಚ್‌ಸಿಪಿ ಸರ್ವರಿನಲ್ಲಿ ಅದರ ಹಿಂದಿನ ವಿಧಾನವಾದ ಬೂಟ್‌ಪಿಯ ಉತ್ತರಕ್ಕೆ ಅನುಮತಿ ಕೊಟ್ಟಿದ್ದೇನೆ, ವಿಳಾಸವೂ ಕಡತದ ಹೆಸರೂ ಅದಕ್ಕೆ ತಲುಪುತ್ತಿವೆ. ಟಿಎಫ್‌ಟಿಪಿ ಆರಂಭವಾಗಿ ಮೊದಲ ಕಂತಿಗೇ ನಿಂತುಬಿಡುತ್ತದೆ. ಅದೇ ಸರ್ವರಿನಿಂದ ಬೇರೆ ಕಂಪ್ಯೂಟರುಗಳು ಅದೇ ಕಡತವನ್ನು ಸಲೀಸಾಗಿ ಇಳಿಸಿಕೊಳ್ಳುತ್ತವೆ. ಟಿಸಿಪಿಡಂಪ್‌ನಲ್ಲಿ ನನ್ನ ಸರ್ವರು ಮೊದಲ ಕಂತನ್ನು ಪದೇ ಪದೇ ಕಳುಹಿಸುತ್ತಿರುವುದು ಕಾಣುತ್ತದೆ, ಇಂಡಿಯಿಂದ ಸ್ವೀಕೃತಿ ಬರುವುದೇ ಇಲ್ಲ. (ಓದುಗರೊಬ್ಬರು, ಬೆಂಗಳೂರು)

ಉತ್ತರ: ಟಿಸಿಪಿಡಂಪ್ ನೋಡಿಯೇ ಬರೆದಿರುವುದಕ್ಕೆ ನಿಮಗೆ ಮೊದಲು ಧನ್ಯವಾದ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿಯೇ ಇದೆ. ಆ ಸಾಲುಗಳಲ್ಲಿ ಸರ್ವರಿನ ಕಡೆಯ ಪೋರ್ಟ್ ಸಂಖ್ಯೆಯನ್ನು ಇನ್ನೊಮ್ಮೆ ನೋಡಿರಿ. ಟಿಎಫ್‌ಟಿಪಿಯಲ್ಲಿ ಕೋರಿಕೆ ಮಾತ್ರ 69ನೆಯ ಪೋರ್ಟಿಗೆ ಬರುತ್ತದೆ, ದತ್ತಾಂಶ ಹೋಗುವುದು ಸರ್ವರು ಆಗಷ್ಟೇ ಆರಿಸಿಕೊಂಡ ಬೇರೊಂದು ಪೋರ್ಟಿನಿಂದ. 1993ರಲ್ಲಿ ಬಂದ ಇಂಡಿಯ ಪ್ರಾಮ್ 32767ಕ್ಕಿಂತ ಹೆಚ್ಚಿನ ಸಂಖ್ಯೆಯ ಪೋರ್ಟಿನಿಂದ ಬಂದ ಕಂತನ್ನು ಗುರುತಿಸುವುದಿಲ್ಲ. 16 ಬಿಟ್‌ಗಳ ಸಂಖ್ಯೆಯನ್ನು ಋಣಚಿಹ್ನೆಗೂ ಎಡೆಯಿರುವ ಸಂಖ್ಯೆಯೆಂದು ಓದಿದರೆ ಅದರ ಮೇಲಿನ ಎಲ್ಲೆ ಸರಿಯಾಗಿ ಅಲ್ಲಿಗೇ ಬರುತ್ತದೆ ಎಂಬುದನ್ನು ಗಮನಿಸಿದರೆ ತಪ್ಪು ಎಲ್ಲಿ ನುಸುಳಿತೆಂದು ಊಹಿಸಬಹುದು. ಸ್ವಾರಸ್ಯವೆಂದರೆ ಲಿನಕ್ಸ್ ತಾನಾಗಿ ಹಂಚುವ ಪೋರ್ಟುಗಳು 32768ರಿಂದ ಆರಂಭವಾಗುತ್ತವೆ. ಒಂದೇ ಒಂದರ ಅಂತರ! ಹಾಗಾಗಿ ಅದೃಷ್ಟದಿಂದಲೂ ಒಮ್ಮೆಯಾದರೂ ಕೆಲಸವಾಗುವ ಸಂಭವವಿಲ್ಲ.

ಪ್ರಾಕ್ ಕಡತವ್ಯವಸ್ಥೆಯ ‘ಐಪಿ ಲೋಕಲ್ ಪೋರ್ಟ್ ರೇಂಜ್’ ಕಡತದಲ್ಲಿ 2048 ಮತ್ತು 32767 ಎಂಬ ಎರಡು ಸಂಖ್ಯೆಗಳನ್ನು ಬರೆಯಿರಿ ಎಂಬುದು ಹಿಂದಿನಿಂದ ನಡೆದುಬಂದ ಪರಿಹಾರ. ಇದು ಇಡೀ ಸರ್ವರಿಗೆ ಅನ್ವಯವಾಗುತ್ತದೆ. ಟಿಎಫ್‌ಟಿಪಿಡಿ-ಎಚ್‌ಪಿಎ ಎಂಬ ಟಿಎಫ್‌ಟಿಪಿ ಸರ್ವರನ್ನು ಬಳಸುತ್ತಿದ್ದರೆ ಅದರದೇ ‘ಪೋರ್ಟ್ ರೇಂಜ್’ ಆಯ್ಕೆಯಿಂದ ಅದೊಂದನ್ನೇ ಕಟ್ಟಿಹಾಕುವುದು ಹೆಚ್ಚು ಅಚ್ಚುಕಟ್ಟು. ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡೂ ಕೆಲಸ ಮಾಡುವ ಡಿಎನ್‌ಎಸ್‌ಮಾಸ್ಕ್‌ನಲ್ಲೂ ಅಂಥದೇ ಆಯ್ಕೆಯಿದೆ. ಇದರ ಮೇಲೂ ಕಂತು ನಿಂತರೆ ‘ಐಪಿ ನೋ ಪಿಎಂಟಿಯು ಡಿಸ್ಕ್’ ಕಡತಕ್ಕೆ 1 ಎಂದು ಬರೆದು, ಪ್ಯಾಕೆಟ್ಟುಗಳನ್ನು ತುಂಡರಿಸಬಾರದೆಂಬ ಗುರುತನ್ನು ಲಿನಕ್ಸ್ ಹಾಕದಂತೆ ಮಾಡಿರಿ, ಆ ಗುರುತೂ ಈ ಪ್ರಾಮ್‌ಗೆ ಆಗಿಬರುವುದಿಲ್ಲ. ಹಿಂದಿನ ಒಡೆಯರು ಯಂತ್ರದಲ್ಲಿ ತಮ್ಮ ಜಾಲದ ವಿಳಾಸವನ್ನು ಉಳಿಸಿಹೋಗಿರುವುದೂ ಉಂಟು. ನಿರ್ವಹಣೆಯ ಪಟ್ಟಿಯಲ್ಲಿ 5ನೆಯದಾದ ಕಮಾಂಡ್ ಮಾನಿಟರಿಗೆ ಹೋಗಿ ‘ಅನ್‌ಸೆಟೆನ್‌ವಿ ನೆಟ್‌ಆಡ್ರ್’ ಎಂದು ಕೊಟ್ಟು ಅದನ್ನು ಅಳಿಸಿ, ಬಳಿಕ ‘ಬೂಟ್‌ಪಿ’ ಎಂಬುದರ ಮುಂದೆ ಖಾಲಿ ಆವರಣವನ್ನೂ ವಿವರಣಚಿಹ್ನೆಯನ್ನೂ ಇಟ್ಟು ‘ಬೂಟ್’ ಆಜ್ಞೆ ಕೊಡಿರಿ.

ಪ್ರಶ್ನೆ: ನಮ್ಮ ಶಾಲೆಗೆ ದಾನವಾಗಿ ಬಂದ ಪೆಂಟಿಯಂ 4 ವರ್ಕ್‌ಸ್ಟೇಷನ್‌ಗಳಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಪಿಸಿಗಳು ಜಾಲದಿಂದ ಬೂಟ್ ಆಗುವ ವಿಧಾನವಾದ ಪಿಎಕ್ಸ್‌ಇ ಮೂಲಕ ಬೂಟ್ ಮಾಡಲು ಹೋದರೆ ಕೆಲವೊಮ್ಮೆ ‘ಪಿಎಕ್ಸ್‌ಇ-ಇ53, ನೋ ಬೂಟ್ ಫೈಲ್‌ನೇಮ್ ರಿಸೀವ್ಡ್’ ಎಂದು ಬರುತ್ತದೆ, ಕೆಲವೊಮ್ಮೆ ಮುಂದೆ ಹೋಗಿ ‘ಎಲ್‌ಡಿಲಿನಕ್ಸ್.ಸಿ32’ ಸಿಗಲಿಲ್ಲ ಎನ್ನುತ್ತದೆ. (ಶಿಕ್ಷಕರೊಬ್ಬರು, ಹುಬ್ಬಳ್ಳಿ)

ಉತ್ತರ: ‘ಕೆಲವೊಮ್ಮೆ’ ಎಂಬ ಪದವೇ ಸುಳಿವು. ನಿಮ್ಮ ಜಾಲದಲ್ಲಿ ಇಬ್ಬರು ಡಿಎಚ್‌ಸಿಪಿ ಸರ್ವರುಗಳಿದ್ದಾರೆ; ನೀವು ಹಾಕಿದ್ದೊಂದು, ಅಂತರಜಾಲದ ರೂಟರಿನೊಳಗೆ ಮೊದಲಿನಿಂದ ಇರುವುದೊಂದು. ರೂಟರು ಮೊದಲು ಉತ್ತರಿಸಿದ ದಿನ ವಿಳಾಸ ಸಿಗುತ್ತದೆ, ಕಡತದ ಹೆಸರು ಸಿಗುವುದಿಲ್ಲ. ರೂಟರನ್ನು ಮುಟ್ಟಲು ಅನುಮತಿಯಿಲ್ಲದ ಕಡೆ ಡಿಎನ್‌ಎಸ್‌ಮಾಸ್ಕನ್ನು ‘ಪ್ರಾಕ್ಸಿ’ ರೀತಿಯಲ್ಲಿ ನಡೆಸಿದರೆ ವಿಳಾಸ ಹಂಚುವುದನ್ನು ರೂಟರಿಗೇ ಬಿಟ್ಟು ಬೂಟ್ ಕಡತದ ಮಾಹಿತಿಯನ್ನಷ್ಟೇ ಅದು ಸೇರಿಸಿ ಹೇಳುತ್ತದೆ. ಈ ಬೂಟ್ ಕಡತಗಳನ್ನು ಕೊಡುವ ಸಿಸ್‌ಲಿನಕ್ಸ್ ತಂತ್ರಾಂಶದ 5ನೆಯ ಆವೃತ್ತಿಯಿಂದ ಈಚೆಗೆ ‘ಪಿಎಕ್ಸ್‌ಇಲಿನಕ್ಸ್.0’ ಒಂದೇ ಸಾಲದು, ಅದೇ ಆವೃತ್ತಿಯ ಎಲ್‌ಡಿಲಿನಕ್ಸ್ ಕಡತವೂ ಜೊತೆಗಿರಬೇಕು. ಹಳೆಯದೊಂದು ಹೊಸದೊಂದು ಬೆರೆಸಬಾರದು.

ಮುಂದೆ ಎದುರಾಗಬಹುದಾದ ಎರಡು ಸಂಗತಿಗಳು. ಶಾಲೆಯಲ್ಲಿ ಮ್ಯಾನೇಜ್ಡ್ ಸ್ವಿಚ್ ಇದ್ದು ಅದರಲ್ಲಿ ಜಾಲದಲ್ಲಿ ಸುತ್ತುಗಳಾಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಚಾಲೂ ಇದ್ದರೆ, ಯಂತ್ರ ಎದ್ದ ಮೇಲೆ ಆ ಪೋರ್ಟು 15 ಸೆಕೆಂಡ್ ಆಲಿಸುತ್ತ, ಇನ್ನೊಂದು 15 ಸೆಕೆಂಡ್ ಕಲಿಯುತ್ತ ಕುಳಿತಿರುತ್ತದೆ. ಸಂಚಾರವನ್ನು ಬಿಡುವ ಹೊತ್ತಿಗೆ ಪಿಎಕ್ಸ್‌ಇ ಬೇಸತ್ತು ಕೈಬಿಟ್ಟಿರಬಹುದು. ಕಂಪ್ಯೂಟರುಗಳಿರುವ ಪೋರ್ಟುಗಳಲ್ಲಿ ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿರಿ. ಇನ್ನು ಪೆಂಟಿಯಂ 4ರ ಆರಂಭದ ಮಾದರಿಗಳು 64 ಬಿಟ್‌ನವಲ್ಲ. ‘ಈ ಕರ್ನಲ್ಲಿಗೆ ಎಕ್ಸ್86-64 ಸಿಪಿಯು ಬೇಕು’ ಎಂದು ಬಂದರೆ ಜಾಲ ಗೆದ್ದಿದೆ, ಕರ್ನಲ್ ಮಾತ್ರ ತಪ್ಪು. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಕರ್ನಲ್ಲೂ ಇನ್‌ಸ್ಟಾಲರೂ ಇಲ್ಲವಾದ್ದರಿಂದ ಡೆಬಿಯನ್ 12ನ್ನು ಬಳಸಿರಿ.

ಪ್ರಶ್ನೆ: ಡಿಸ್ಕಿಲ್ಲದ ಹಳೆಯ ಯಂತ್ರದಲ್ಲಿ ಕರ್ನಲ್ ಜಾಲದಿಂದ ಬಂದು ಚೆನ್ನಾಗಿಯೇ ಎದ್ದೇಳುತ್ತದೆ. ಕೊನೆಗೆ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ವಯಾ ಎನ್‌ಎಫ್‌ಎಸ್, ಟ್ರೈಯಿಂಗ್ ಫ್ಲಾಪಿ’ ಎಂದು ಹೇಳಿ ನಿಲ್ಲುತ್ತದೆ. ನನ್ನ ಯಂತ್ರಕ್ಕೆ ಫ್ಲಾಪಿ ಡ್ರೈವೇ ಇಲ್ಲ. (ಓದುಗರೊಬ್ಬರು, ಮಂಗಳೂರು)

ಉತ್ತರ: ಫ್ಲಾಪಿಯ ಮಾತನ್ನು ಮರೆತುಬಿಡಿರಿ, ಅದು ಕರ್ನಲ್ಲಿನ ಬಾಲ್ಯದ ನೆನಪು. ಜಾಲದ ಮೇಲೆ ಡೈರೆಕ್ಟರಿಗಳನ್ನು ಹಂಚುವ ಎನ್‌ಎಫ್‌ಎಸ್‌ನಿಂದ ರೂಟ್ ಕಡತವ್ಯವಸ್ಥೆ ಸಿಗಲಿಲ್ಲ ಎಂಬುದೇ ಸಂದೇಶ. ಈ ಸಾಲಿಗಿಂತ ಮುಂಚೆ ನೆಟ್‌ವರ್ಕ್ ಕಾರ್ಡಿನ ಹೆಸರೂ ಐಪಿ ವಿಳಾಸವೂ ಬಂದಿವೆಯೇ ನೋಡಿರಿ. ಬಂದಿಲ್ಲವಾದರೆ ಕಾರ್ಡಿನ ಡ್ರೈವರು ಮಾಡ್ಯೂಲಾಗಿ ಆ ತಲುಪಲಾಗದ ರೂಟ್ ಕಡತವ್ಯವಸ್ಥೆಯೊಳಗೇ ಉಳಿದಿದೆ. ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟಂತೆ. ಡ್ರೈವರನ್ನೂ ಐಪಿ ಸ್ವಯಂಸಂರಚನೆಯನ್ನೂ ಎನ್‌ಎಫ್‌ಎಸ್ ರೂಟನ್ನೂ ಕರ್ನಲ್ಲಿನೊಳಗೇ ಸೇರಿಸಿ ಕಟ್ಟಬೇಕು, ಇಲ್ಲವೇ ಅವಿರುವ ಆರಂಭಿಕ ರ‍್ಯಾಮ್ ಡಿಸ್ಕನ್ನು ಜೊತೆಗೆ ಕಳುಹಿಸಬೇಕು.

ವಿಳಾಸ ಬಂದಿದ್ದೂ ಹೀಗಾದರೆ, ಹಳೆಯ ಕರ್ನಲ್ಲುಗಳು ರೂಟನ್ನು ಕೇಳುವಾಗ ತಾವಾಗಿ ಎನ್‌ಎಫ್‌ಎಸ್ 2ನೆಯ ಆವೃತ್ತಿಯನ್ನು ಯುಡಿಪಿಯ ಮೇಲೆ ಕೇಳುತ್ತವೆ ಎಂಬುದು ಕಾರಣವಾಗಿರುತ್ತದೆ. ಈಚಿನ ಸರ್ವರುಗಳು ಇವೆರಡನ್ನೂ ಮುಚ್ಚಿಟ್ಟಿರುತ್ತವೆ. ಬೂಟ್ ಸಾಲಿನ ‘ಎನ್‌ಎಫ್‌ಎಸ್‌ರೂಟ್’ ನಿಯತಾಂಕದಲ್ಲಿ ಪಥದ ನಂತರ ಅಲ್ಪವಿರಾಮವಿಟ್ಟು ಆವೃತ್ತಿ 3, ಟಿಸಿಪಿ ಎಂದು ಸ್ಪಷ್ಟವಾಗಿ ಬರೆಯಿರಿ. ಸರ್ವರಿನ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ರೂಟ್ ಅಧಿಕಾರವನ್ನು ಹಾಗೆಯೇ ಉಳಿಸುವ ‘ನೋ ರೂಟ್ ಸ್ಕ್ವಾಶ್’ ಇಲ್ಲದಿದ್ದರೆ ಮೌಂಟ್ ಆದ ಮೇಲೂ ಯಂತ್ರ ಕಾಲುಭಾಗ ಎದ್ದು ಅನುಮತಿಯಿಲ್ಲವೆಂದು ಗೊಣಗುತ್ತ ಕೂರುತ್ತದೆ, ಅದನ್ನೂ ಈಗಲೇ ಸೇರಿಸಿಬಿಡಿರಿ.